ನಾಲ್ಕು ಜನ ಕೇಳುವ ಆಂಪ್ಲಿ

ಆಂಪ್ಲಿ ಸತ್ತದ್ದು ನಮ್ಮವರು ತೀರಿಕೊಂಡ ನೂರನೆಯ ದಿನದ ಊಟ ಮುಗಿದ ಮೇಲೆ. ನಾನು ಬಟ್ಟಲುಗಳನ್ನು ಪೇರಿಸಿಕೊಂಡು ಅಡುಗೆಮನೆಗೆ ಸಾಗಿಸುತ್ತಿದ್ದೆ. ಮುಂಗೋಣೆಯಲ್ಲಿ ಅವರ ಮೂವರು ಗೆಳೆಯರು ಕೂತು, ಅವರಿಗೆ ಇಷ್ಟವಾದ ಹಾಡೊಂದನ್ನು ಹಚ್ಚಿದ್ದರು. ಹಾಡುಗಾರ್ತಿ ಒಂದು ಸಾಲಿನ ನಡುವೆ ಇರುವಾಗ ಚಟಪಟ ಅಂದಿತು, ಸುಟ್ಟ ಅರಗಿನ ವಾಸನೆ ಬಂತು, ಆಮೇಲೆ ಸದ್ದಿಲ್ಲ.

"ತಾಮ್ ತನ್ನ ಸಾಮಾನು ತಾನೇ ಕರೆಸ್ಕೊಂಡ, ಬಿಡ್ರಿ," ಅಂದರು ಬಾಯ್ ಕಾಂಗ್. ಎಲ್ಲರೂ ನಕ್ಕರು, ನಾನೂ ನಕ್ಕೆ. ಚಹಾ ಕುಡಿದು, ಪೂಜೆಯ ಮೇಜಿನ ಮುಂದೆ ಇನ್ನೊಂದು ಊದುಬತ್ತಿ ಹಚ್ಚಿ ಹೊರಟರು. ಮುಂದಿನ ಭಾನುವಾರ ಯಾರೂ ಬರಲಿಲ್ಲ.

ನಮ್ಮ ಕಡೆ ಮನೆಯಲ್ಲಿ ಹುಟ್ಟಿದ ಕ್ರಮದ ಅಂಕಿಯೇ ಕರೆಯುವ ಹೆಸರು. ತಾಮ್ ಅಂದರೆ ಎಂಟು. ಅದು ನಮ್ಮವರ ಅಂಕಿ; ಮದುವೆಯಾದ ದಿನದಿಂದ ನಾನೂ ತಾಮ್. ಬಾಯ್ ಅಂದರೆ ಏಳು. ಈ ಬಾಯ್ ಕಾಂಗ್ ನಮ್ಮ ಓಣಿಯ ಬಾಯಲ್ಲಿ ಗೋಡೆಗೆ ಕನ್ನಡಿ ತೂಗುಹಾಕಿ ಕ್ಷೌರ ಮಾಡುತ್ತಿದ್ದವರು. ಸೈಗಾನಿನಲ್ಲಿ ತನ್ನಷ್ಟು ಕಿವಿಗಳನ್ನು ಹತ್ತಿರದಿಂದ ನೋಡಿದವನು ಇನ್ನೊಬ್ಬನಿಲ್ಲ, ಹಾಗಾಗಿ ಸದ್ದಿನ ವಿಚಾರದಲ್ಲಿ ತನ್ನದೇ ಕೊನೆಯ ಮಾತು ಎಂಬುದು ಅವರ ವಾದ. ಎರಡನೆಯವರು ತು ದಿನ್, ಗಣಿತದ ಮೇಷ್ಟ್ರಾಗಿದ್ದವರು. ಮೂರನೆಯವರು ಹೈ ಸಾನ್, ಬಂದರಿನ ತೂಕದ ಕಟ್ಟೆಯಲ್ಲಿ ನಮ್ಮವರ ಪಕ್ಕದಲ್ಲೇ ನಿಂತು ಕೂದಲು ನೆರೆಸಿಕೊಂಡವರು. ಜಪಾನಿನಿಂದ ಹಳೆಯ ಸಾಮಾನು ಹೇರಿಕೊಂಡು ಹಡಗುಗಳು ಬರುತ್ತಿದ್ದವಲ್ಲ, ಅಂಥದ್ದೊಂದರಿಂದಲೇ ನಮ್ಮ ಮನೆಗೆ ಆಂಪ್ಲಿಯ ಸದ್ದನ್ನು ಹೊರಡಿಸುವ ಎರಡು ಸ್ಪೀಕರ್ ಬಂದದ್ದು. ಹಂದಿಮಾಂಸದ ಹಾಗೆ ತೂಕಕ್ಕೆ ಕೊಂಡದ್ದು. ಸೊಂಟದೆತ್ತರದ ಮರದ ಪೆಟ್ಟಿಗೆಗಳು, ಒಳಗೆ ಬುಟ್ಟಿಯಷ್ಟು ಅಗಲದ ಕಾಗದದ ಬಾಯಿ.

ಭಾನುವಾರ ಬೆಳಿಗ್ಗೆ ಮುಂಗೋಣೆ ಆ ನಾಲ್ವರದು. ನಾನು ಮಂಜುಗಡ್ಡೆ ಹಾಕಿದ ಕಾಫಿ ತಂದಿಟ್ಟು ಅಡುಗೆಮನೆಯ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಅವರಿಗೆ ಬೇಕಾದದ್ದು ನದೀಸೀಮೆಯ ಹಾಡುಗಳು. ಹಾಡುಗಾರ್ತಿ ಒಂದೇ ಉಸಿರಿನಲ್ಲಿ ಮಾತನ್ನು ಎಳೆದು, ಸುತ್ತಿಸಿ, ಬಳುಕಿಸಿ, ಇನ್ನೇನು ಉಸಿರು ಮುಗಿಯಿತು ಅನ್ನುವಾಗ ಕೊನೆಯ ಅಕ್ಷರವನ್ನು ಮೆತ್ತಗೆ ಕೆಳಗಿಡುತ್ತಾಳೆ. ಅದು ಕೆಳಗೆ ಬಂದು ಕೂರುವ ಗಳಿಗೆಗೆ ಕೇಳುವವರ ಕೈ ತೊಡೆಯ ಮೇಲೆ ಬೀಳಬೇಕು. ನಾಲ್ಕು ಕೈ ಬಿದ್ದ ಸದ್ದು ಕೇಳಿಸಿತು ಅಂದರೆ ನಾನು ಎದ್ದು ಎರಡನೆಯ ಸುತ್ತಿನ ಕಾಫಿಗೆ ನೀರಿಡುತ್ತಿದ್ದೆ.

ನೂರನೆಯ ದಿನದ ನಂತರದ ಎಷ್ಟೋ ಭಾನುವಾರ ನೀರು ಕಾಯಿಸಿ, ಕಾಫಿ ಸೋಸಿ, ಒಬ್ಬಳೇ ಕುಡಿದೆ. ಒಂದು ದಿನ ಮೀನು ತರಲು ಹೋದಾಗ ಬಾಯ್ ಕಾಂಗ್ ಎದುರಾದರು. ಯಾಕೆ ಯಾರೂ ಬರುತ್ತಿಲ್ಲ ಎಂದು ನಾನು ಕೇಳಲಿಲ್ಲ. ಕಾಫಿಪುಡಿ ಹಳತಾಗುತ್ತಿದೆ ಎಂದೆ. ಅವರು ಚಪ್ಪಲಿ ನೋಡಿಕೊಂಡು, "ಬಂದು ಏನ್ಮಾಡೋದು ಅತ್ತಿಗೆ, ಆಂಪ್ಲೀನೇ ಇಲ್ವಲ್ಲ," ಅಂದರು.

ಹಾಗಾದರೆ ಆಂಪ್ಲಿ ಬಂದರೆ ಅವರು ಬರುತ್ತಾರೆ ಎಂದು ನಾನು ತಿಳಿದುಕೊಂಡೆ. ಮೀನು ಹಿಡಿದು ಮನೆಗೆ ಬರುವಷ್ಟರಲ್ಲಿ ಎಲ್ಲ ಗೊತ್ತುಮಾಡಿಕೊಂಡಿದ್ದೆ. ವರ್ಷದ ತಿಥಿ ಹತ್ತಿರ ಬರುತ್ತಿತ್ತು, ಆ ದಿನ ಮೂವರೂ ಬಂದೇ ಬರುತ್ತಾರೆ. ಅಷ್ಟರೊಳಗೆ ಮನೆಯಲ್ಲಿ ಒಳ್ಳೆಯ ಆಂಪ್ಲಿ ಕೂತಿರಬೇಕು. ಅಂದು ಹಾಡು ಎದ್ದಿತು ಅಂದರೆ ಮುಂದಿನ ಭಾನುವಾರ ತಾನಾಗಿಯೇ ಶುರುವಾಗುತ್ತದೆ. ನನಗೆ ಬೇಕಾಗಿದ್ದದ್ದು ಆ ಭಾನುವಾರ. ನಮಗೆ ಮಕ್ಕಳಿಲ್ಲ. ವಾರದ ಉಳಿದ ದಿನಗಳನ್ನು ನಾನು ಹೇಗೋ ನೋಡಿಕೊಳ್ಳುತ್ತೇನೆ.

ಸತ್ತ ಆಂಪ್ಲಿಯನ್ನು ತೋರಿಸಿ ಆಗಿತ್ತು. ರಿಪೇರಿಯವನು ಮುಚ್ಚಳ ತೆಗೆದು ಮೂಸಿ ನೋಡಿ, ಒಳಗಿನ ಸುರುಳಿಯೇ ಸುಟ್ಟಿದೆ, ಇದನ್ನು ಮಾಡಿದವರೂ ಈಗಿಲ್ಲ ಎಂದಿದ್ದ. ನಮ್ಮವರ ತಮ್ಮನ ಸೊಸೆ ಬಂದವಳು, ಅತ್ತೆ ನೀವು ಫೋನಿನಲ್ಲೇ ಕೇಳಬಹುದಲ್ಲ, ನಿಂತಿರುವ ಶವಪೆಟ್ಟಿಗೆ ಹಾಗಿರೋ ಇವೆರಡನ್ನೂ ತೆಗೆದರೆ ಒಂದು ಮಂಚ ಹಿಡಿಯುತ್ತದೆ ಎಂದಳು. ಯಾರು ಮಲಗಬೇಕು ಆ ಮಂಚದ ಮೇಲೆ ಎಂದು ಕೇಳಿದೆ.

ನ್ಯಾತ್ ತಾವ್ ಸಂತೆಯಲ್ಲಿ ಲ್ವಾನ್ ಎಂಬಾಕೆಯ ಹಳೆಯ ಆಂಪ್ಲಿಗಳ ಅಂಗಡಿಯಿದೆ. ಅವಳ ಅಪ್ಪನ ಕಾಲದಿಂದ ನಮ್ಮವರು ಹೋಗುತ್ತಿದ್ದದ್ದು ಅಲ್ಲಿಗೇ. ಐವತ್ತು ದಾಟಿದ ಹೆಂಗಸು, ಬಾಯಿ ಚುರುಕು, ಹುಬ್ಬಿಗೆ ಹಚ್ಚೆ. ನನ್ನನ್ನು ಪ್ಲಾಸ್ಟಿಕ್ಕಿನ ಕುಳ್ಳ ಸ್ಟೂಲಿನ ಮೇಲೆ ಕೂರಿಸಿ, ಕಬ್ಬಿನಹಾಲು ತರಿಸಿ, ಗಂಡಿನ ಕಡೆಯವರನ್ನು ಕೇಳುವ ಹಾಗೆ ಒಂದೊಂದೇ ಕೇಳತೊಡಗಿದಳು. ಸ್ಪೀಕರಿನ ಬೆನ್ನ ಮೇಲೆ ಏನು ಬರೆದಿದೆ? ಎಂಟು ಓಮ್ ಎಂದೆ. ಅಕ್ಷರ ನನಗೆ ದೊಡ್ಡವಳಾದ ಮೇಲೆ ರಾತ್ರಿ ಶಾಲೆಯಲ್ಲಿ ಬಂದದ್ದು. ಅಂಕಿ ಮಾತ್ರ ಅದಕ್ಕೂ ಮೊದಲೇ ಬರುತ್ತಿತ್ತು, ಓಣಿಯ ಬಾಯಲ್ಲಿ ಅಂಟಕ್ಕಿಯ ಅನ್ನ ಮಾರುವವಳಿಗೆ ಅಂಕಿ ಬರದಿದ್ದರೆ ನಡೆಯುತ್ತದೆಯೇ. ಕೋಣೆ ಎಷ್ಟು ಅಗಲ, ನೆಲಕ್ಕೆ ಹೆಂಚೋ ಚಾಪೆಯೋ, ಮುಂದೆ ಕಬ್ಬಿಣದ ಮಡಿಚುವ ಬಾಗಿಲೋ, ಏನು ಹಾಡು ಕೇಳುತ್ತೀರಿ. ಎಲ್ಲದಕ್ಕೂ ಹೇಳಿದೆ.

"ಕೇಳೋರು ಎಷ್ಟು ಜನ ಅಕ್ಕ?"

"ನಾಲ್ಕು ಜನ," ಎಂದೆ. ಆಮೇಲೆ ಸತ್ತವರನ್ನು ಬಿಟ್ಟು ನನ್ನನ್ನು ಸೇರಿಸಿ ಎಣಿಸಿದೆ. ನಾಲ್ಕೇ ಆಯಿತು.

ಜನ ಬಂದು ನೂರು ವ್ಯಾಟ್ ಕೊಡು, ಇನ್ನೂರು ಕೊಡು ಅನ್ನುತ್ತಾರೆ, ಅದು ಬರೀ ಜಂಬ ಎಂದಳು ಲ್ವಾನ್. ನಿಮ್ಮ ಸ್ಪೀಕರುಗಳು ಅಗಲ ಬಾಯಿಯವು, ಕಡಿಮೆ ತಿಂದು ಜೋರಾಗಿ ಹಾಡುವ ಜಾತಿ. ಅವುಗಳಿಗೆ ವ್ಯಾಟ್ ಬೇಡ, ಹದ ಬೇಕು. ಕೆಲವರು ಅದಕ್ಕೊಂದು ಪೆಟ್ಟಿಗೆ ಇದಕ್ಕೊಂದು ಪೆಟ್ಟಿಗೆ ಎಂದು ನಾಲ್ಕು ತಂದು ಗುಡ್ಡೆಹಾಕುತ್ತಾರೆ, ನಿಮಗೆ ಎಲ್ಲ ಒಂದರಲ್ಲೇ ಇರುವುದು ಸಾಕು. ಕಾಗದದ ಮೇಲಿನ ಅಂಕಿ ನಂಬಬೇಡಿ, ಎತ್ತಿ ನೋಡಿ. ಒಳಗೆ ಒಳ್ಳೆಯ ಕಬ್ಬಿಣವಿದ್ದರೆ ಭಾರ ಇರುತ್ತದೆ, ತೂಕದ ಕಟ್ಟೆಯವರ ಮನೆಯವರಿಗೆ ನಾನು ಹೇಳಿಕೊಡಬೇಕೆ ಎಂದಳು.

ಅಂಗಡಿಯಲ್ಲಿ ಐದಾರು ಕೇಳಿಸಿದಳು. ನನಗೆ ಎಲ್ಲವೂ ಚೆನ್ನಾಗಿಯೇ ಕೇಳಿಸಿದವು, ಹಾಗೆಂದೆ.

"ಅಂಗಡೀಲಿ ಎಲ್ಲಾ ಹುಡುಗೀರೂ ಚೆಂದಾನೇ ಅಕ್ಕ. ಇಲ್ಲಿ ಗೋಡೆ ತುಂಬ ರತ್ನಗಂಬಳಿ ಹೊಡೆಸಿದೀನಲ್ಲ. ಮನೆಗೆ ಹೋದ್ಮೇಲೆ ಗೊತ್ತಾಗೋದು ಬಣ್ಣ. ಇಲಿ ವರ್ಷದಲ್ಲಿ ಹುಟ್ಟಿದ ಗಂಡಿಗೆ ಕುದುರೆ ವರ್ಷದೋಳನ್ನ ಕಟ್ಟಿದ್ರೆ ಜಾತಕ ಕೂಡುತ್ತಾ? ಇದೂ ಹಾಗೇನೆ. ಎರಡು ತಗೊಂಡೋಗಿ, ಬೇಡದ್ದನ್ನ ವಾಪಸ್ ತರ್ತೀನಿ."

ಹಾಗೆ ಮನೆಗೆ ಒಯ್ದು ಕೇಳುವುದು ಆ ಸಂತೆಯ ಪದ್ಧತಿ. ಲ್ವಾನ್ ಎರಡನ್ನೂ ಸ್ಕೂಟರಿಗೆ ಕಟ್ಟಿಕೊಂಡು ತಾನೇ ತಂದಿಳಿಸಿದಳು. ಒಂದು ಜಪಾನಿನದು. ಬೆಳ್ಳಿಬಣ್ಣ, ಮುಖದ ಮೇಲೆ ಎರಡು ಕಿಟಕಿ, ಅದರೊಳಗೆ ಹಾಡಿಗೆ ತಕ್ಕಂತೆ ಕುಣಿಯುವ ಮುಳ್ಳು. ಹೊಸ್ತಿಲು ದಾಟಿಸಲು ಇಬ್ಬರೂ ಕೈಹಾಕಬೇಕಾಯಿತು. ಇನ್ನೊಂದು ಇಂಗ್ಲೆಂಡಿನದು, ಅದೂ ಹಳೆಯದೇ. ತಗ್ಗಾಗಿ, ಬೂದಿಬಣ್ಣಕ್ಕೆ ಹತ್ತಿರದ ಕಪ್ಪು, ಮುಖದಲ್ಲಿ ಒಂದು ಕೆಂಪು ದೀಪ ಬಿಟ್ಟರೆ ಅಲಂಕಾರವಿಲ್ಲ. ನಾಲ್ಕು ಜನಕ್ಕೆ ಬೆಳ್ಳಿಯದೇ ಸರಿ, ಈ ಕಪ್ಪುದು ಒಬ್ಬರು ಕೂತು ಕೇಳುವುದಕ್ಕೆ ಎಂದಳು. ಮತ್ತೆ ಯಾಕೆ ತಂದೆ ಎಂದರೆ, ಎರಡು ನೋಡದೆ ಯಾರೂ ಒಂದನ್ನು ಒಪ್ಪುವುದಿಲ್ಲ ಎಂದು ಸ್ಕೂಟರ್ ಹೊರಡಿಸಿದಳು. ಓಣಿಯ ತಿರುವಿನಲ್ಲಿ ಹಿಂದೆ ತಿರುಗಿ ಇನ್ನೂ ಏನೋ ಕೂಗಿ ಹೇಳಿದಳು, ಸ್ಕೂಟರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಸರಿ ಸರಿ ಎಂದು ಕೈಬೀಸಿದೆ.

ನಮ್ಮ ಓಣಿಯಲ್ಲಿ ಮಗುವಿಗೂ ಗೊತ್ತಿರುವ ಒಂದು ವಿಷಯವಿದೆ. ಜಪಾನಿನ ಕರೆಂಟು ನೂರು, ನಮ್ಮದು ಇನ್ನೂರಿಪ್ಪತ್ತು. ಅಲ್ಲಿಂದ ಬಂದ ಸಾಮಾನನ್ನು ನೇರವಾಗಿ ಗೋಡೆಗೆ ಸಿಕ್ಕಿಸಿದರೆ ಹೊಗೆ. ಪಕ್ಕದ ಮನೆಯವರ ಹೊಸ ಸೊಸೆ ಹೊಸವರ್ಷದ ಹಬ್ಬದ ದಿನವೇ ಅನ್ನದ ಕುಕ್ಕರನ್ನು ಹಾಗೆ ಸುಟ್ಟು, ಇವತ್ತಿಗೂ ಆ ಮಾತು ಕೇಳುತ್ತಾಳೆ. ಅದಕ್ಕೆ ಪ್ರತಿ ಮನೆಯಲ್ಲೂ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಗೋಡೆಯಿಂದ ಇನ್ನೂರಿಪ್ಪತ್ತನ್ನು ಕುಡಿದು ನೂರನ್ನು ಹೊರಗೆ ಬಿಡುತ್ತದೆ. ನಮ್ಮದು ಪೂಜೆಯ ಮೇಜಿನ ಕೆಳಗೆ ಗುಂಯ್ ಎನ್ನುತ್ತ ಕೂತಿರುತ್ತದೆ. ಮದುವೆಯಾಗಿ ಬಂದಾಗ ನಮ್ಮವರು ನನಗೆ ಹೇಳಿಕೊಟ್ಟ ಮೊದಲ ಪಾಠ ಅದು: ಏನೇ ಆಗಲಿ, ಆಂಪ್ಲಿಯ ವೈರು ಪೆಟ್ಟಿಗೆಗೇ ಹೋಗಬೇಕು. ನಾನು ಬೆಳ್ಳಿಯದನ್ನು ಪೆಟ್ಟಿಗೆಗೆ ಸಿಕ್ಕಿಸಿದೆ. ಅದನ್ನು ಕೇಳಿ ಮುಗಿಸಿ, ಕಪ್ಪುದರ ವೈರನ್ನೂ ಪೆಟ್ಟಿಗೆಗೇ ಸಿಕ್ಕಿಸಿದೆ.

ಬೆಳ್ಳಿಯದನ್ನು ಭಾನುವಾರದ ಎತ್ತರಕ್ಕೆ ಇಟ್ಟು ಕೇಳಿದೆ. ಮುಳ್ಳುಗಳು ಕುಣಿದವು. ಕೆಳಗಿನ ಸ್ವರ ನೆಲದ ಹೆಂಚುಗಳ ಮೂಲಕ ಬಂದು ಅಂಗಾಲು ಮುಟ್ಟಿತು, ಬೀರುವಿನಲ್ಲಿ ಗಾಜಿನ ಲೋಟ ನಡುಗಿತು. ಅಡುಗೆಮನೆಯ ಬಾಗಿಲಿಗೆ ಹೋಗಿ ಕೂತೂ ಕೇಳಿದೆ. ಅಲ್ಲಿಗೆ ಕೇಳಿಸುವ ರೀತಿ ನನಗೆ ಚೆನ್ನಾಗಿ ಗೊತ್ತು. ಸರಿಯಾಗಿತ್ತು. ಇದೇ ಆಗಬಹುದು ಎಂದುಕೊಂಡೆ. ಆದರೆ ಮುಂಗೋಣೆಗೆ ಬಂದು ಕೂತರೆ, ನಾಲ್ಕು ಜನಕ್ಕೆ ಬಡಿಸಿಟ್ಟ ಹರಿವಾಣದ ಮುಂದೆ ಒಬ್ಬಳೇ ಕೂತ ಹಾಗಾಗುತ್ತಿತ್ತು. ಎರಡು ಹಾಡಿಗೆ ಆಯಾಸವಾಗಿ ನಿಲ್ಲಿಸುತ್ತಿದ್ದೆ.

ಕಪ್ಪುದನ್ನು ಮಧ್ಯಾಹ್ನದ ಊಟವಾದ ಮೇಲೆ ಹಚ್ಚುತ್ತಿದ್ದೆ. ಆಗ ಓಣಿ ಮಲಗಿರುತ್ತದೆ, ಜೋರಾಗಿ ಇಡುವಂತಿಲ್ಲ. ಅದರ ಕೆಂಪು ದೀಪ ಉರಿದು ಮುಗಿಯುತ್ತಿರುವ ಊದುಬತ್ತಿಯ ತುದಿಯಷ್ಟು ಮಂಕು. ಗುಂಡಿಯನ್ನು ಚೂರೇ ಚೂರು ತಿರುಗಿಸಿದರೆ ಸಾಕು, ಹಾಡುಗಾರ್ತಿ ಎದುರು ಮನೆಯಿಂದ ಬಂದು ಕೂತ ಹಾಗೆ ಹಾಡುತ್ತಿದ್ದಳು. ಸಾಲು ಹಿಡಿಯುವ ಮೊದಲು ಅವಳು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಆ ಉಸಿರು ಒಮ್ಮೆಯೂ ಬಂದಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಬೆಳ್ಳಿಯದರ ಮೇಲೆ ದೂಳು ಕೂತದ್ದು ಕಂಡಿತು. ಒರೆಸಿದೆ. ಇದು ನಿನಗಲ್ಲ ಮುದುಕಿ, ಬರುವವರಿಗೆ ಎಂದು ಬೈದುಕೊಂಡೆ. ನನ್ನ ಕಿವಿಯನ್ನು ನಂಬಿ ಕೊಂಡರೆ ಭಾನುವಾರ ಕೈತಪ್ಪುತ್ತದೆ. ಬಾಯ್ ಕಾಂಗರಿಗೆ ಹೇಳಿಕಳಿಸಿದೆ, ಬಂದು ಆರಿಸಿಕೊಡಿ ಎಂದು.

ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಚೀಲ ಲಾಂಗನ್ ಹಣ್ಣು ಹಿಡಿದು ಬೆಳಿಗ್ಗೆಯೇ ಬಂದರು. ಹಣ್ಣನ್ನು ಪೂಜೆಯ ಮೇಜಿನ ಮೇಲಿಟ್ಟು ಊದುಬತ್ತಿ ಹಚ್ಚಿದರು. ನಮ್ಮವರ ಕುರ್ಚಿಯನ್ನು ಬಳಸಿಕೊಂಡು ಹೋಗಿ, ಯಾವಾಗಲೂ ಕೂರುತ್ತಿದ್ದ ಹಾಗೆ ಚಾಪೆಯ ಮೂಲೆಯಲ್ಲಿ ಕೂತರು. ಕಾಫಿ ಕೊಟ್ಟೆ. ತು ದಿನ್ ಮಗಳ ಮನೆಗೆಂದು ವುಂಗ್ ತಾವ್ ಊರಿಗೆ ಹೋದವರು ಅಲ್ಲೇ ನಿಂತಿದ್ದಾರಂತೆ. ಹೈ ಸಾನರ ಕಿವಿ ಮಂದವಾಗಿ, ಏನು ಹೇಳಿದರೂ ತಲೆಯಾಡಿಸುತ್ತಾರಂತೆ. ಹೋದ ವಾರ ಸಂತೆಯಲ್ಲಿ ಹಾಗೆ ತಲೆಯಾಡಿಸಿಯೇ ಎರಡು ಬಾತುಕೋಳಿ ಮನೆಗೆ ತಂದರಂತೆ. ನಗುತ್ತ ಕೂತೆವು. ಆ ನಗುವಿನಲ್ಲಿ ನನಗೆ ಅರ್ಧ ಭಾನುವಾರ ಬಂದ ಹಾಗಾಗಿತ್ತು.

ಬೆಳ್ಳಿಯದನ್ನು ಕೇಳಿ ಅವರು ಗಲ್ಲ ಸವರಿಕೊಂಡರು. ಇದು ಗಂಡಸು ಅಂದರು. ಕಪ್ಪುದನ್ನು ಹಚ್ಚಿದೆ. ನಾನು ಇಡುವಷ್ಟಕ್ಕೆ ಇಟ್ಟಿದ್ದೆ. ಅವರು ಎದ್ದು ಹೋಗಿ ಗುಂಡಿಯನ್ನು ಭಾನುವಾರದ ಎತ್ತರಕ್ಕೆ ತಿರುಗಿಸಿದರು. ಹಾಡುಗಾರ್ತಿಯ ಗಂಟಲು ಹರಿಯಿತು. ತಂತಿಯ ಸದ್ದು ತಗಡು ಕೆರೆದ ಹಾಗಾಯಿತು.

"ಇದಕ್ಕೇನು ನೆಗಡೀನಾ ಅತ್ತಿಗೆ?"

ನನಗೂ ಗಾಬರಿಯಾಯಿತು. ಇಷ್ಟು ದಿನ ಹೀಗಿರಲಿಲ್ಲ ಎಂದೆ. ಅವರು ಕನ್ನಡಕ ಏರಿಸಿ ಆಂಪ್ಲಿಯ ಬೆನ್ನು ಓದಿದರು. ವೈರು ಹಿಡಿದುಕೊಂಡು ಅದು ಹೋದ ಕಡೆಗೆ ಮಂಡಿಯೂರಿ ಹೋದರು. ಪೂಜೆಯ ಮೇಜಿನ ಕೆಳಗೆ ತಲೆಹಾಕಿದವರು ಅಲ್ಲಿಂದಲೇ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು.

"ಅಯ್ಯೋ ಅತ್ತಿಗೆ, ಇದು ಇಂಗ್ಲೆಂಡಿನೋರದು. ನಮ್ಮ ಗೋಡೆ ಕರೆಂಟನ್ನೇ ತಿನ್ನೋದು. ನೀವು ಇದನ್ನ ಜಪಾನಿನ ಪೆಟ್ಟಿಗೆಗೆ ಸಿಕ್ಕಿಸಿದೀರಿ. ಅರ್ಧ ಬಟ್ಲು ಗಂಜಿ ಕುಡಿಸಿ ಅಕ್ಕಿಮೂಟೆ ಹೊರು ಅಂದ್ರೆ ಹೆಂಗೆ?"

ನಾನೂ ನಕ್ಕೆ. ಪಾಪ, ಅದು ಬಾಯಿಬಿಟ್ಟು ಹೇಳಲಾರದೆ ಅಷ್ಟರಲ್ಲೇ ಹಾಡಿತ್ತು. ಲ್ವಾನ್ ಓಣಿಯ ತಿರುವಿನಲ್ಲಿ ಕೂಗಿ ಹೇಳಿದ್ದು ಇದನ್ನೇ ಇರಬೇಕು.

"ಎಷ್ಟು ದಿನದಿಂದ ಹಿಂಗೆ ಕೇಳ್ತಿದೀರಿ?"

"ತಂದಾಗಿಂದ."

"ಗೊತ್ತೇ ಆಗ್ಲಿಲ್ವಾ?"

"ಜೋರಾಗಿ ಇಟ್ಟಿದ್ರೆ ತಾನೇ ಗೊತ್ತಾಗೋದು ಬಾಯಣ್ಣ. ಮಧ್ಯೆ ಮಾತಾಡೋರು ಯಾರಿದ್ರು."

ಅವರ ನಗು ನಿಂತಿತು. ವೈರನ್ನು ಕಿತ್ತು ಗೋಡೆಗೆ ಸಿಕ್ಕಿಸಿದರು, ಪೆಟ್ಟಿಗೆಯನ್ನು ಬಂದ್ ಮಾಡಿದರು. ಗುಂಯ್ ಎನ್ನುವುದು ನಿಂತಾಗ ಕೋಣೆ ಒಂದು ಗಳಿಗೆ ಬೇರೆ ಯಾರದೋ ಮನೆಯದ್ದು ಅನ್ನಿಸಿತು. ಆದರೆ ಸಿ.ಡಿ. ಹಾಡಿಸುವ ಯಂತ್ರವೂ ಜಪಾನಿನದು, ಅದಕ್ಕೆ ಪೆಟ್ಟಿಗೆ ಬೇಕಿತ್ತು. ಮತ್ತೆ ಬಗ್ಗಿ ಪೆಟ್ಟಿಗೆಯನ್ನು ಚಾಲು ಮಾಡಿದರು. ಈಗ ಕಪ್ಪುದರ ಕೆಂಪು ದೀಪ ಮೆಣಸಿನಕಾಯಿಯ ಹಾಗೆ ಹೊಳೆಯುತ್ತಿತ್ತು. ಹಾಡು ಹಚ್ಚಿ ಗುಂಡಿಯನ್ನು ಅದೇ ಎತ್ತರಕ್ಕೆ ತಂದರು. ಗಂಟಲು ಹರಿಯಲಿಲ್ಲ. ಬೆಳ್ಳಿಯದರಷ್ಟು ನೆಲ ನಡುಗದಿದ್ದರೂ ಕೋಣೆ ತುಂಬಿತು. ಎರಡೂ ಒಳ್ಳೆಯವೇ, ನಿಮಗೆ ಯಾವುದು ಬೇಕೋ ಇಟ್ಟುಕೊಳ್ಳಿ ಎಂದು ಚಾಪೆಗೆ ಮರಳಿದರು.

ಹಾಡುಗಾರ್ತಿ ಉದ್ದನೆಯ ಸಾಲು ಹಿಡಿದಳು. ಎಳೆದಳು, ಬಳುಕಿಸಿದಳು, ಕೊನೆಗೆ ಅಕ್ಷರವನ್ನು ಕೆಳಗಿಟ್ಟಳು. ಬಾಯ್ ಕಾಂಗರ ಕೈ ತೊಡೆಯಿಂದ ಮೇಲೆದ್ದದ್ದನ್ನು ನಾನು ನೋಡಿದೆ. ಎದ್ದ ಕೈ ಹಾಗೆಯೇ ನಿಂತಿತು. ಅವರು ನಮ್ಮವರ ಕುರ್ಚಿಯ ಕಡೆ ನೋಡುತ್ತಿದ್ದರು. ಆಮೇಲೆ ಕೈ ಸುಮ್ಮನೆ ಚಾಪೆಯ ಮೇಲೆ ಇಳಿಯಿತು.

ಅಂದು ಕೇಳಲೇಬೇಕಾದದ್ದನ್ನು ನಾನು ಕೇಳಿದೆ. ತಿಥಿಗೆ ಆಂಪ್ಲಿ ಸಿದ್ಧವಾಗಿರುತ್ತದೆ, ಆಮೇಲೆ ಭಾನುವಾರ ಬರುತ್ತೀರಲ್ಲ ಎಂದೆ.

ಅವರು ಹಾಡನ್ನು ನಿಲ್ಲಿಸಿದರು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಆಂಪ್ಲಿ ಸುಟ್ಟೋಯ್ತು ಅಂತ ನಾವು ಬರೋದು ಬಿಟ್ಟಿದ್ದಲ್ಲ. ಅದು ಸುಟ್ಟಿದ್ದು ನಮ್ಗೊಂದು ನೆಪ ಆಯ್ತು." ಒಂದು ಲಾಂಗನ್ ಸುಲಿದು ನನಗೆ ಕೊಟ್ಟರು, ಇನ್ನೊಂದನ್ನು ಸುಲಿದು ಕೈಯಲ್ಲೇ ಇಟ್ಟುಕೊಂಡರು. "ತಾಮ್ ಕೈ ಮೊದ್ಲು ಬೀಳ್ಬೇಕು. ಆಮೇಲೆ ನಮ್ದು. ಮನೆ ಅವನ್ದಲ್ವಾ. ಹಂಗೆ ಯಾರೂ ಹೇಳಿರ್ಲಿಲ್ಲ, ಹಂಗೇ ರೂಢಿಯಾಗಿತ್ತು. ನೂರನೇ ದಿನ ಆ ಸಾಲು ಬಂತು ನೋಡಿ, ಮೂರು ಜನಾನೂ ಅವನ ಕುರ್ಚಿ ಕಡೆ ತಿರುಗಿದ್ವಿ. ಆಗ್ಲೇ ಆಂಪ್ಲಿ ಚಟ್ ಅಂತು. ನಿಜ ಹೇಳ್ಬೇಕು ಅಂದ್ರೆ ನಂಗೆ ಹಾಯೆನಿಸ್ತು."

"ಇನ್ಮೇಲೆ ನೀವೇ ಮೊದ್ಲು ಹೊಡೀರಿ. ಮನೆಯೋಳು ನಾನು ಹೇಳ್ತಿದೀನಿ."

"ಬರಲ್ಲ ಅತ್ತಿಗೆ. ಈಗ್ಲೂ ಬರ್ಲಿಲ್ಲ, ನೋಡಿದ್ರಲ್ಲ."

"ಹಾಗಾದ್ರೆ ನಾನು ಹೊಡೀತೀನಿ."

ಅವರು ನನ್ನ ಮುಖ ನೋಡಿದರು. ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಿತು. "ಎಲ್ಲಿ ಬೀಳ್ಬೇಕು ಅಂತ ಗೊತ್ತಾ ನಿಮ್ಗೆ?" ಎಂದರು, ಮೆತ್ತಗೆ.

"ಅಡುಗೆಮನೆ ಬಾಗಿಲಿಗೂ ಕೇಳಿಸ್ತಿತ್ತು ಬಾಯಣ್ಣ."

ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದರು. ನಾನು ನಮ್ಮವರ ಕುರ್ಚಿಯಲ್ಲಿ ಕೂತೆ. ಬೆತ್ತದ ಕುರ್ಚಿ, ಅವರ ಭಾರಕ್ಕೆ ನಡುವೆ ಜಗ್ಗಿದ್ದು, ನನಗೆ ದೊಡ್ಡದು. ಸಾಲು ಬಂತು. ಅವಳ ಉಸಿರು ಎಲ್ಲೆಲ್ಲಿ ಸುತ್ತುತ್ತದೆ ಎಂದು ನನಗೆ ಗೊತ್ತಿತ್ತು, ಎಲ್ಲಿ ಮುಗಿದಂತೆ ಮಾಡಿ ಮುಗಿಯುವುದಿಲ್ಲ ಎಂಬುದೂ ಗೊತ್ತಿತ್ತು. ಅಕ್ಷರ ಕೆಳಗೆ ಬಂದು ಕೂರುವ ಗಳಿಗೆಗೆ ಸರಿಯಾಗಿ ನನ್ನ ಕೈ ತೊಡೆಯ ಮೇಲೆ ಬಿತ್ತು. ಒಂದು ಕೂದಲೂ ಹಿಂದಲ್ಲ, ಮುಂದಲ್ಲ.

ಬಾಯ್ ಕಾಂಗರೂ ಹೊಡೆದರು. ತಡವಾಗಿ ಹೊಡೆದರು. ಮರ್ಯಾದೆಗೆಂದು ಬಿದ್ದ ಕೈಯ ಸದ್ದೇ ಬೇರೆ. ಅಷ್ಟು ವರ್ಷ ಬಾಗಿಲಲ್ಲಿ ಕೂತು ಕೇಳಿದವಳಿಗೆ ಅದು ಗೊತ್ತಾಗದೆ ಇರುತ್ತದೆಯೇ. ನಾನು ಅವರ ಕಡೆ ನೋಡಲಿಲ್ಲ. ಅವರು ನೆಲದ ಹೆಂಚು ನೋಡುತ್ತಿದ್ದರು ಎಂದು ಮಾತ್ರ ಹೇಳಬಲ್ಲೆ.

"ಸರಿಯಾಗೇ ಬಿತ್ತು ಅತ್ತಿಗೆ," ಎಂದರು. "ಅವನು ಒಂದೊಂದ್ಸಲ ಆತುರ ಪಡ್ತಿದ್ದ."

ಹಾಡು ಮುಗಿಯುವ ತನಕ ಕೂತಿದ್ದು ಹೊರಟರು. ತಿಥಿಗೆ ಮೂವರೂ ಬರುತ್ತೇವೆ, ತು ದಿನ್‌ನನ್ನು ವುಂಗ್ ತಾವಿನಿಂದ ಎಳೆದುತರುವ ಜವಾಬ್ದಾರಿ ತನ್ನದು, ಹುಳಿ ಮೀನುಸಾರಿಗೆ ಅನಾನಸ್ ಹಾಕುವುದನ್ನು ಮರೆಯಬೇಡಿ ಎಂದರು. ಭಾನುವಾರದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುವಾಗ ಬ್ಯಾಲೆನ್ಸು ತಪ್ಪಿ ಬಾಗಿಲ ಕಬ್ಬಿಣ ಹಿಡಿದುಕೊಂಡರು. ಅವರಿಗೂ ವಯಸ್ಸಾಗಿದೆ ಎಂದು ನನಗೆ ಆಗ ಕಂಡಿತು.

ಕಾಫಿಯ ಲೋಟಗಳನ್ನು ತೊಳೆದಿಟ್ಟು ಲ್ವಾನಿಗೆ ಫೋನು ಮಾಡಿದೆ. ಬೆಳ್ಳಿಯದನ್ನು ತೆಗೆದುಕೊಂಡು ಹೋಗು, ಕಪ್ಪುದು ಇರಲಿ ಎಂದೆ. ನಾಲ್ಕು ಜನ ಎಂದಿದ್ದಿರಲ್ಲ, ತಿಥಿಯ ದಿನಕ್ಕೆ ಸಾಕಾಗುತ್ತದೆಯೇ ಎಂದು ಕೇಳಿದಳು. ಆ ದಿನ ಎಲ್ಲರೂ ಉಣ್ಣುತ್ತಾರೆ, ಮಾತಾಡುತ್ತಾರೆ, ಹಾಡು ಹಚ್ಚುವುದಿಲ್ಲ ಎಂದೆ.

ಸಂಜೆಗೆ ಮೊದಲೇ ಬಂದಳು. ಪೆಟ್ಟಿಗೆಯ ಕಥೆ ಹೇಳಿದೆ. ನಗಲಿಲ್ಲ, ಹಣೆ ಚಚ್ಚಿಕೊಂಡಳು. "ನಾನು ಬಾಯ್ಬಡ್ಕೊಂಡು ಹೇಳ್ದೆ, ಕಪ್ಪುದು ಗೋಡೆಗೆ ಅಂತ. ನೀವು ರಾಣಿ ಥರ ಕೈಬೀಸಿದ್ರಿ. ಪುಣ್ಯ, ತಿರುಗಾಮುರುಗಾ ಆಗ್ಲಿಲ್ಲ. ಬೆಳ್ಳೀದು ಗೋಡೆಗೆ ಹೋಗಿದ್ರೆ ಈಗ ನಾವಿಬ್ರೂ ಅದಕ್ಕೂ ಊದುಬತ್ತಿ ಹಚ್ಬೇಕಿತ್ತು." ಹಸಿದ ಹೊಟ್ಟೆಯಲ್ಲಿ ಇಷ್ಟು ದಿನ ದುಡಿಸಿದ್ದರಿಂದ ಅದಕ್ಕೇನಾದರೂ ಆಗಿದೆಯೇ ಎಂದು ಕೇಳಿದೆ. ಏನೂ ಇಲ್ಲ, ಹೊಟ್ಟೆ ತುಂಬಿದ ಮೇಲೆ ಮರೆತುಬಿಡುತ್ತದೆ ಎಂದಳು. ಬೆಳ್ಳಿಯದನ್ನು ಇಬ್ಬರೂ ಹಿಡಿದು ಹೊಸ್ತಿಲು ದಾಟಿಸಿದೆವು. ಅದನ್ನು ಸ್ಕೂಟರಿಗೆ ಕಟ್ಟಿ, ಮೇಲೆ ಮಳೆಯಂಗಿ ಹೊದಿಸಿಕೊಂಡು ಹೋದಳು.

ಬೆಳಕು ಇನ್ನೂ ಇತ್ತು. ಒಳಗೆ ಬಂದು ಕುರ್ಚಿಯಲ್ಲಿ ಕೂತು ನೋಡಿದ ಮೇಲೆ ತಿಳಿಯಿತು, ಸ್ಪೀಕರುಗಳು ಒಂದಕ್ಕೊಂದು ತೀರಾ ದೂರ ನಿಂತಿವೆ. ಈ ಗೋಡೆಗೊಂದು ಆ ಗೋಡೆಗೊಂದು. ಚಾಪೆಯ ತುದಿಯಲ್ಲಿ ಕೂತವನಿಗೂ ಕೇಳಲಿ ಎಂದು ನಮ್ಮವರು ಹಾಗೆ ನಿಲ್ಲಿಸಿದ್ದರು. ನಡುವೆ ಒಬ್ಬಳೇ ಕೂತರೆ ಹಾಡುಗಾರ್ತಿ ಎರಡಾಗಿ ಸೀಳಿ ಹೋಗುತ್ತಾಳೆ. ಹಳೆಯ ಟವೆಲನ್ನು ಒದ್ದೆ ಮಾಡಿ ಬಲಗಡೆಯದರ ಅಡಿಗೆ ತೂರಿಸಿ, ಬೆನ್ನು ಕೊಟ್ಟು ನಡುವಿಗೆ ದೂಡಿದೆ. ಅದು ಹೆಂಚಿನ ಮೇಲೆ ಜಾರುತ್ತ ಬಂತು. ಅದು ನಿಂತಿದ್ದ ಜಾಗದಲ್ಲಿ ಹೆಂಚು ಹೊಸದರ ಹಾಗೆ ಬೆಳ್ಳಗಿತ್ತು.

ಎಡಗಡೆಯದು ಅರ್ಧ ದಾರಿಗೆ ಬಂದು ಹೆಂಚಿನ ಸಂದಿಗೆ ಸಿಕ್ಕಿಕೊಂಡಿತು. ಎಷ್ಟು ದೂಡಿದರೂ ಮಿಸುಕಲಿಲ್ಲ. ಸೊಂಟ ಹಿಡಿದುಕೊಂಡಿತು. ಉಳಿದದ್ದು ನಾಳೆ ಎಂದು ಬಿಟ್ಟೆ. ಹಾಡು ಹಚ್ಚಿ, ಚೂರೇ ಚೂರು ಜೋರು ಮಾಡಿ ಕೂತೆ. ಹಾಡುಗಾರ್ತಿ ಸ್ವಲ್ಪ ಬಲಕ್ಕೆ ವಾಲಿ ಹಾಡಿದಳು.